ತೆರೆದ ಬಾಯಿ, ಕಲ್ಲಾದ ಹಿಕ್ಕೆ

ಆ ಚಿತ್ರ ನೋಡಿದವರ ಕಣ್ಣು ಮೊದಲು ಹೋಗುವುದು ಕುತ್ತಿಗೆಯ ಕಡೆಗೆ. ಚಿತ್ರದ ನಡುವೆ ದೊಡ್ಡದೊಂದು ಇಕ್ತಿಯೊಸಾರ್, ಮೀನಿನ ಮೈಯ ಸರೀಸೃಪ, ನೀಳ ಕತ್ತಿನ ಪ್ಲೀಸಿಯೊಸಾರ್ ಒಂದರ ಕೊರಳನ್ನು ಕಚ್ಚಿ ಹಿಡಿದಿದೆ. ಹಲ್ಲು ನಾಟಿದ ಜಾಗದಲ್ಲಿ ಕತ್ತು ಬಾಗಿದೆ. ನನ್ನ ಕಣ್ಣು ಸಿಕ್ಕಿಕೊಂಡದ್ದು ಇನ್ನೊಂದು ತುದಿಯಲ್ಲಿ. ಕಚ್ಚಿಸಿಕೊಂಡ ಪ್ರಾಣಿಯ ಹಿಂಭಾಗದಿಂದ ಏನೋ ಸಣ್ಣಗೆ ನೀರಿಗೆ ಉದುರುತ್ತಿತ್ತು. ಮೊದಲು ಮುದ್ರಣದ ಕಲೆ ಎಂದುಕೊಂಡೆ. ಕಂಪ್ಯೂಟರಿನ ಪರದೆಯ ಮೇಲೆ ಹಿಗ್ಗಿಸಿ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಜೀವಭಯದಲ್ಲಿ ಅದು ಹಿಕ್ಕೆ ಹಾಕುತ್ತಿತ್ತು.

1830ರಲ್ಲಿ ಹೆನ್ರಿ ಡಿ ಲಾ ಬೀಶ್ ಎಂಬ ಇಂಗ್ಲಿಷ್ ಭೂವಿಜ್ಞಾನಿ ಜಲವರ್ಣದಲ್ಲಿ ಬರೆದ ಚಿತ್ರವಿದು. ಹೆಸರು ‘ಡ್ಯೂರಿಯಾ ಆಂಟಿಕ್ವಿಯರ್’. ಲ್ಯಾಟಿನ್ ಭಾಷೆಯಲ್ಲಿ ‘ಇನ್ನೂ ಹಳೆಯ ಡಾರ್ಸೆಟ್’ ಎಂದಂತೆ. ಡಾರ್ಸೆಟ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೀಮೆ. ಪಳೆಯುಳಿಕೆಗಳನ್ನು ಆಧಾರವಾಗಿಟ್ಟುಕೊಂಡು, ಮನುಷ್ಯರಿಲ್ಲದ ಕಾಲದ ಒಂದು ಇಡೀ ನೋಟವನ್ನು ಬರೆಯಲು ಮಾಡಿದ ಮೊದಲ ಪ್ರಯತ್ನ ಇದೇ ಎಂದು ಇತಿಹಾಸಕಾರರು ಹೇಳುತ್ತಾರೆ. ಅರ್ಧ ನೀರಿನ ಮೇಲೆ, ಅರ್ಧ ನೀರಿನ ಒಳಗೆ. ಸಮುದ್ರವನ್ನು ಚಾಕುವಿನಿಂದ ಕತ್ತರಿಸಿ ಪಕ್ಕದಿಂದ ನೋಡಿದ ಹಾಗೆ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಗೀಳು ಇಂಗ್ಲೆಂಡಿಗೆ ಬಂದದ್ದು 1850ರ ದಶಕದಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಈ ಮನುಷ್ಯ ನೀರಿನ ಪಕ್ಕದಲ್ಲಿ ನಿಂತು ನೋಡುವುದನ್ನು ಹೇಗೆ ಕಲ್ಪಿಸಿಕೊಂಡನೋ.

ನಾನು ವೃತ್ತಿಯಿಂದ ಚಿತ್ರಕಾರನಲ್ಲ. ಬ್ಯಾಂಕಿನ ಲೆಕ್ಕದ ನಡುವೆ ಪೆನ್ಸಿಲ್ ಹಿಡಿಯುವ ಚಟವಿದೆ, ಅಷ್ಟೆ. ನಾಲ್ಕೈದು ವರ್ಷದಿಂದ ಈ ಅಳಿದ ಕಡಲ ಸರೀಸೃಪಗಳ ಚಿತ್ರಗಳನ್ನು ಒಟ್ಟು ಹಾಕುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಮುನ್ನೂರರ ಮೇಲೆ ಸೇರಿವೆ. ಒಂದು ಭಾನುವಾರ ಸುಮ್ಮನೆ ಎಣಿಸುತ್ತಾ ಕೂತೆ: ಬಾಯಿ ಮುಚ್ಚಿದ ಪ್ರಾಣಿಗಳು ಎಷ್ಟು? ಹತ್ತಕ್ಕೆ ಒಂದೂ ಸಿಗಲಿಲ್ಲ. ಎಲ್ಲವೂ ಕಚ್ಚುತ್ತಿವೆ, ಇಲ್ಲವೇ ಕಚ್ಚಲು ಹೊರಟಿವೆ. ಹಿಕ್ಕೆ ಹಾಕುತ್ತಿರುವುದು ಮಾತ್ರ ಆ ಮೊದಲ ಚಿತ್ರದಲ್ಲಿ ಬಿಟ್ಟರೆ ನನ್ನ ಸಂಗ್ರಹದ ಯಾವುದರಲ್ಲೂ ಇಲ್ಲ.

ಡಿ ಲಾ ಬೀಶ್ ಅದನ್ನು ಹಾಸ್ಯಕ್ಕೆಂದು ಬರೆದನೇ? ಹಾಸ್ಯವೂ ಇತ್ತು, ಕಾರಣವೂ ಇತ್ತು. ಲೈಮ್ ರೀಜಿಸ್ ಎಂಬ ಕಡಲೂರಿನಲ್ಲಿ ಮೇರಿ ಆ್ಯನಿಂಗ್ ಎಂಬ ಹೆಣ್ಣುಮಗಳಿದ್ದಳು. 1799ರಲ್ಲಿ ಹುಟ್ಟಿದವಳು, ಮರಗೆಲಸದವನ ಮಗಳು. ಮಳೆಗಾಳಿಗೆ ಕುಸಿಯುವ ದಿಬ್ಬಗಳ ಕೆಳಗೆ ಸುತ್ತಿಗೆ ಹಿಡಿದು ತಿರುಗಿ, ಸಿಕ್ಕ ಪಳೆಯುಳಿಕೆಗಳನ್ನು ಮಾರಿ ಮನೆ ನಡೆಸುತ್ತಿದ್ದಳು. 1811ರಲ್ಲಿ ಅಣ್ಣ ಜೋಸೆಫ್ ಕಂಡ ಇಕ್ತಿಯೊಸಾರ್ ತಲೆಬುರುಡೆಯ ಉಳಿದ ದೇಹವನ್ನು ಹುಡುಕಿ ತೆಗೆಸಿದಾಗ ಅವಳಿಗೆ ಹನ್ನೆರಡು, ಹದಿಮೂರರ ಪ್ರಾಯ. 1823ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ಪ್ಲೀಸಿಯೊಸಾರ್ ಕೂಡ ಅವಳ ಕೈಗೇ ಸಿಕ್ಕಿತು. ಅದರ ಕತ್ತಿನ ಉದ್ದ ಕೇಳಿ ಪ್ಯಾರಿಸ್ಸಿನ ಮಹಾಪಂಡಿತ ಕ್ಯುವಿಯೆ ನಂಬಲಿಲ್ಲ. ಎರಡು ಪ್ರಾಣಿಗಳನ್ನು ಜೋಡಿಸಿರಬೇಕು ಎಂದು ಶಂಕಿಸಿದ, ಆಮೇಲೆ ಒಪ್ಪಿಕೊಂಡ.

ಈ ಮೇರಿಯ ಕಣ್ಣಿಗೆ ಬಿದ್ದ ಇನ್ನೊಂದು ವಸ್ತುವೇ ನನ್ನ ಕಥೆಯ ನಾಯಕ. ಇಕ್ತಿಯೊಸಾರ್‌ಗಳ ಪಕ್ಕೆಲುಬಿನ ಹಂದರದ ಒಳಗೆ, ಹೊಟ್ಟೆ ಇರಬೇಕಾದ ಕಡೆ, ಬೂದುಬಣ್ಣದ ಉಂಡೆಕಲ್ಲುಗಳು ಸಿಗುತ್ತಿದ್ದವು. ಒಡೆದರೆ ಒಳಗೆ ಮೀನಿನ ಮುಳ್ಳು, ಹುರುಪೆ. ಕೆಲವದರಲ್ಲಿ ಸಣ್ಣ ಇಕ್ತಿಯೊಸಾರ್‌ಗಳ ಮೂಳೆ. ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲೆಂಡ್ 1829ರಲ್ಲಿ ಅವು ಕಲ್ಲಾದ ಹಿಕ್ಕೆಗಳೆಂದು ಸಾರಿ, ‘ಕಾಪ್ರೊಲೈಟ್’ ಎಂದು ಹೆಸರಿಟ್ಟ. ಆ ಮನುಷ್ಯನಿಗೆ ಹೇಸಿಗೆ ಎಂಬುದೇ ಇರಲಿಲ್ಲ. ಉಂಡೆಗಳ ಮೇಲಿನ ಸುರುಳಿ ಗೆರೆ ಕರುಳಿನದೇ ಅಚ್ಚು ಎಂದು ತೋರಿಸಲು, ಸತ್ತ ನಾಯಿಶಾರ್ಕ್‌ನ ಕರುಳಿಗೆ ಸಿಮೆಂಟು ತುಂಬಿ ಅಚ್ಚು ತೆಗೆದ. ಕಾಪ್ರೊಲೈಟ್‌ಗಳನ್ನು ಸೀಳಿ, ಹೊಳಪು ಕೊಟ್ಟು, ಮೇಜಿನ ಮೇಲ್ಮೈಗೆ ಕೂರಿಸಿದ. ಆ ಮೇಜು ಇಂದಿಗೂ ಲೈಮ್ ರೀಜಿಸ್‌ನ ವಸ್ತುಸಂಗ್ರಹಾಲಯದಲ್ಲಿದೆ. ಸುರುಳಿಯ ಹಿಕ್ಕೆಗಳಲ್ಲಿ ಹೆಚ್ಚಿನವು ಶಾರ್ಕ್ ಮತ್ತು ಇತರ ಮೀನುಗಳವು ಎಂದು ಈಗ ತಿಳಿದಿದೆ, ಅದು ಬೇರೆ ಮಾತು. ಒಂದು ಪ್ರಾಣಿ ಏನು ತಿಂದಿತು ಎಂದು ತಿಳಿಯಬೇಕಾದರೆ ಅದರ ಹಲ್ಲನ್ನು ನೋಡಿ ಊಹಿಸುತ್ತಾ ಕೂರಬೇಡಿ, ಅದು ಹಿಂದೆ ಬಿಟ್ಟುಹೋದದ್ದನ್ನು ಒಡೆದು ನೋಡಿ ಎಂಬ ದಾರಿ ತೆರೆದದ್ದು ಹೀಗೆ.

ಆದ್ದರಿಂದ ಡಿ ಲಾ ಬೀಶ್‌ನ ಚಿತ್ರದಲ್ಲಿ ಬೀಳುತ್ತಿರುವ ಹಿಕ್ಕೆ ಒಂದು ರೀತಿಯ ಸಾಕ್ಷಿಪತ್ರ. ಇಲ್ಲಿ ನಾನು ಬರೆದ ಊಟ ಬಾಯಿಗೆ ಬಂದಂತೆ ಬರೆದದ್ದಲ್ಲ, ಉಂಡೆಯೊಳಗೆ ಕಂಡದ್ದು ಎನ್ನುವ ಹಾಗೆ. ಕಲ್ಲಚ್ಚಿನಲ್ಲಿ ಅದರ ಪ್ರತಿಗಳನ್ನು ತೆಗೆಸಿ ಎರಡೂವರೆ ಪೌಂಡಿಗೊಂದರಂತೆ ಮಾರಿದರು. ಆ ಹಣ ಕಷ್ಟದಲ್ಲಿದ್ದ ಮೇರಿಗೆ ಸೇರಿತು. ಮೂಳೆ ಅಗೆದವಳ ಮನೆಯ ಒಲೆ ಉರಿದದ್ದು ಆ ಮೂಳೆಗಳ ಊಟದ ಚಿತ್ರದಿಂದ.

ಅದೇ ಊರಿನ ಎಲಿಜಬೆತ್ ಫಿಲ್‌ಪಾಟ್ ಎಂಬಾಕೆಯ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಬೆಲೆಮ್ನೈಟ್ ಎಂಬುದು ನಮ್ಮ ಮಂಗಳೂರು, ಮಲ್ಪೆಯ ಮಾರುಕಟ್ಟೆಯಲ್ಲಿ ಸಿಗುವ ಬೊಂಡಾಸದ ದೂರದ ನಂಟ. ಇಕ್ತಿಯೊಸಾರ್‌ಗಳಿಗೆ ಅಂಥ ಪ್ರಾಣಿಗಳೆಂದರೆ ಬಲು ಇಷ್ಟ. ಅವುಗಳ ತೋಳಿನ ಕೊಕ್ಕೆಗಳು ಇಕ್ತಿಯೊಸಾರ್ ಹೊಟ್ಟೆಯಲ್ಲಿ ರಾಶಿರಾಶಿಯಾಗಿ ಸಿಕ್ಕಿವೆ. ಲೈಮ್ ರೀಜಿಸ್‌ನ ಕಲ್ಲುಗಳಲ್ಲಿ ಅವುಗಳ ಶಾಯಿಚೀಲವೂ ಒಣಗಿ ಉಳಿದಿತ್ತು. ಫಿಲ್‌ಪಾಟ್ ಆ ಶಾಯಿಯನ್ನು ಅರೆದು, ನೀರು ಬೆರೆಸಿ, 1833ರಲ್ಲಿ ಬಕ್‌ಲೆಂಡನ ಹೆಂಡತಿಗೆ ಬರೆದ ಕಾಗದದಲ್ಲಿ ಇಕ್ತಿಯೊಸಾರ್ ತಲೆಬುರುಡೆಯೊಂದರ ಚಿತ್ರ ಬರೆದಳು. ತುತ್ತಾಗುತ್ತಿದ್ದ ಪ್ರಾಣಿಯ ಶಾಯಿಯಲ್ಲಿ ತಿನ್ನುತ್ತಿದ್ದ ಪ್ರಾಣಿಯ ಮುಖ. ಆ ಮುಖದಲ್ಲಿ ಕೋಪವಿಲ್ಲ, ರಕ್ತವಿಲ್ಲ. ಸುಮಾರು ಇಪ್ಪತ್ತು ಕೋಟಿ ವರ್ಷಗಳ ಬಳಿಕವೂ ಬಣ್ಣ ಕೆಟ್ಟಿರಲಿಲ್ಲ.

ಇಲ್ಲಿಂದ ಮುಂದೆ ದಾರಿ ತಪ್ಪಿತು ಎಂಬುದು ನನ್ನ ಅಭಿಪ್ರಾಯ. 1840ರಲ್ಲಿ ಥಾಮಸ್ ಹಾಕಿನ್ಸ್ ಎಂಬ ಪಳೆಯುಳಿಕೆ ಸಂಗ್ರಾಹಕನ ಪುಸ್ತಕಕ್ಕೆ ಜಾನ್ ಮಾರ್ಟಿನ್ ಮುಖಚಿತ್ರ ಬರೆದ. ಪ್ರಳಯ, ದೈವಕೋಪ, ನಾಶವಾಗುವ ನಗರಗಳನ್ನು ಬರೆದು ಹೆಸರಾದ ಚಿತ್ರಕಾರ. ಅವನ ಕೈಯಲ್ಲಿ ಕಡಲ ಸರೀಸೃಪಗಳು ಕತ್ತಲೆಯಲ್ಲಿ ಕಣ್ಣು ಉರಿಸುತ್ತಾ ಒಂದನ್ನೊಂದು ಹರಿಯುವ ರಾಕ್ಷಸರಾದವು. 1863ರಲ್ಲಿ ಫ್ರಾನ್ಸಿನ ಲೂಯಿ ಫಿಗಿಯೆಯ ಜನಪ್ರಿಯ ವಿಜ್ಞಾನದ ಪುಸ್ತಕಕ್ಕೆ ಎದುವಾರ್ ರಿಯೂ ಬರೆದ ಚಿತ್ರದಲ್ಲಿ ಇಕ್ತಿಯೊಸಾರ್ ಮತ್ತು ಪ್ಲೀಸಿಯೊಸಾರ್ ನೀರಿನ ಮೇಲೆ ತಲೆ ಎತ್ತಿ, ಕೋಳಿಯಂಕದ ಹುಂಜಗಳಂತೆ ಎದುರುಬದುರಾಗಿವೆ. ಮರುವರ್ಷವೇ ಜೂಲ್ ವರ್ನ್ ತನ್ನ ಕಾದಂಬರಿಯೊಂದರಲ್ಲಿ ಅವೆರಡನ್ನೂ ಕಾದಾಡಿಸಿದ. ಮುಂದೆ ಅದಕ್ಕೂ ಚಿತ್ರ ಬರೆದವನು ರಿಯೂನೇ. ಆಮೇಲೆ ಈ ಜೋಡಿಗೆ ಬಿಡುಗಡೆಯೇ ಇಲ್ಲ. ಯಕ್ಷಗಾನದ ಜೋಡಿ ವೇಷದ ಹಾಗೆ ಒಂದು ರಂಗಕ್ಕೆ ಬಂದರೆ ಇನ್ನೊಂದೂ ಬರಲೇಬೇಕು. ಹಿಕ್ಕೆ ನೋಡಿ ಬರೆದ ಚಿತ್ರದಿಂದ ಹಿಕ್ಕೆ ಬಿದ್ದುಹೋಯಿತು, ಕಚ್ಚುವ ಬಾಯಿ ಮಾತ್ರ ಉಳಿಯಿತು. ಚಿತ್ರ ನೋಡಿ ಚಿತ್ರ ಬರೆಯುವ ಕಾಲ ಬಂತು.

ಚಿತ್ರದಿಂದ ಚಿತ್ರಕ್ಕೆ ತಪ್ಪು ಹೇಗೆ ದಾಟುತ್ತದೆ ಎಂಬುದಕ್ಕೆ ಮೊಸಾಸಾರ್‌ಗಳ ಬೆನ್ನಿನ ಜಾಲರಿಯ ಕಥೆ ಕೇಳಬೇಕು. ಮೊಸಾಸಾರ್ ಎಂದರೆ ಡೈನೊಸಾರ್‌ಗಳ ಕೊನೆಗಾಲದ ಕಡಲನ್ನು ಆಳಿದ, ಉಡ ಮತ್ತು ಹಾವುಗಳ ಬಳಗಕ್ಕೆ ಸೇರಿದ ದೈತ್ಯ. 1898ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ವಿಲಿಸ್ಟನ್ ಒಂದು ಪಳೆಯುಳಿಕೆಯಲ್ಲಿ ಸಾಲಾಗಿ ಬಿದ್ದಿದ್ದ ಮೃದ್ವಸ್ಥಿಯ ತುಣುಕುಗಳನ್ನು ಕಂಡು, ಇದರ ಬೆನ್ನುದ್ದಕ್ಕೂ ಜಾಲರಿ ಇತ್ತು ಎಂದ. ಮರುವರ್ಷ ಚಾರ್ಲ್ಸ್ ನೈಟ್ ಎಂಬ ಮಹಾ ಚಿತ್ರಕಾರ ಜಾಲರಿಯೊಂದಿಗೇ ಅದನ್ನು ಬರೆದ. ಅಲೆ ಸೀಳಿ ಬರುವ ಟೈಲೊಸಾರಸ್, ನೆತ್ತಿಯಿಂದ ಬಾಲದ ತನಕ ಕತ್ತರಿ ಆಡಿಸಿದಂಥ ಅಂಚು. 1902ರಲ್ಲಿ ವಿಲಿಸ್ಟನ್ ತಾನೇ ಮುಂದೆ ಬಂದು, ತಪ್ಪಾಯಿತು, ಅವು ಶ್ವಾಸನಾಳದ ಉಂಗುರಗಳು ಎಂದು ಬರೆದ. ಓದಿದವರಾರು? ನೈಟ್‌ನ ಚಿತ್ರ ಅಷ್ಟು ಚೆನ್ನಾಗಿತ್ತು. ಆ ಜಾಲರಿ ದಶಕಗಳ ಕಾಲ ಪುಸ್ತಕ, ಆಟಿಕೆ, ಅಂಚೆಚೀಟಿಗಳಲ್ಲಿ ಈಜುತ್ತಾ ಹೋಯಿತು. ಉಸಿರಿನ ಕೊಳವೆ ಬೆನ್ನ ಮೇಲಿನ ಅಲಂಕಾರವಾಯಿತು.

ಹಾಗೆಂದು ನೈಟ್‌ನ ಮೇಲೆ ನನಗೆ ಸಿಟ್ಟಿಲ್ಲ. ಅವನ ನೀರು ನಿಜವಾದ ನೀರು. ಆದರೆ 1897ರಲ್ಲಿ ಅವನೇ ಬರೆದ, ಪ್ಲೀಸಿಯೊಸಾರ್ ಜಾತಿಯ ಎಲಾಸ್ಮೊಸಾರಸ್‌ನ ಕುತ್ತಿಗೆಯ ಬಗ್ಗೆ ನನಗೆ ತಕರಾರಿದೆ. ಹಾವಿನಂತೆ ಸುರುಳಿ ಸುತ್ತಿದೆ ಆ ಕತ್ತು. ನಾನು ಓದಿದ ಶಾಲೆಯ ಗೋಡೆಯಲ್ಲಿ ಜೀವವಿಕಾಸದ ಚಾರ್ಟ್ ಒಂದಿತ್ತು. ಅದರಲ್ಲಿಯೂ ಪ್ಲೀಸಿಯೊಸಾರ್ ಹಂಸದಂತೆ ಕತ್ತೆತ್ತಿ ನಿಂತು, ಹಾರುವ ಏನನ್ನೋ ಹಿಡಿಯಲು ಹೊಂಚು ಹಾಕುತ್ತಿತ್ತು. ಎಷ್ಟೋ ವರ್ಷ ನನ್ನ ತಲೆಯಲ್ಲಿ ಅದರ ಊಟದ ಕ್ರಮ ಅದೇ.

ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತಿದ್ದಾಗ ಹಾವಕ್ಕಿಯೊಂದು ಪಕ್ಕದಲ್ಲೇ ಎದ್ದಿತು. ಮೈಯೆಲ್ಲ ನೀರಿನೊಳಗೆ, ಕತ್ತು ಮಾತ್ರ ಮೇಲೆ, ಥೇಟ್ ಹಾವು. ಮುಳುಗಿ ಎದ್ದಾಗ ಕೊಕ್ಕಿನ ತುದಿಗೆ ಮೀನು ಚುಚ್ಚಿಕೊಂಡಿತ್ತು. ಮೇಲಕ್ಕೆ ಎಸೆದು, ತಲೆ ಮುಂದಾಗಿ ಬೀಳುವಂತೆ ಹಿಡಿದು ನುಂಗಿತು. ನನ್ನ ಶಾಲೆಯ ಚಾರ್ಟ್ ಬರೆದವನು ಇದನ್ನೇ ನೋಡಿರಬೇಕು ಎನ್ನಿಸಿತು. ತೊಂದರೆ ಮೂಳೆಯಲ್ಲಿದೆ. ಹಕ್ಕಿಯ ಕತ್ತಿನ ಮಣಿಗಳ ಕೀಲು ಕುದುರೆಯ ಜೀನಿನ ಆಕಾರದ್ದು, ಎತ್ತ ಬೇಕಾದರೂ ಹೊರಳುತ್ತದೆ. ಪ್ಲೀಸಿಯೊಸಾರ್‌ನ ಮಣಿಗಳು ಹೆಚ್ಚುಕಡಿಮೆ ಚಪ್ಪಟೆ. ಕೇರಂ ಕಾಯಿಗಳನ್ನು ಒತ್ತೊತ್ತಾಗಿ ಜೋಡಿಸಿದ ಹಾಗೆ. ಎಲಾಸ್ಮೊಸಾರಸ್‌ನ ಕತ್ತಿನಲ್ಲಿ 72 ಮಣಿಗಳಿವೆ; ನಿಮಗೂ ನನಗೂ ಜಿರಾಫೆಗೂ ಇರುವುದು ಏಳೇ. ಇಷ್ಟಿದ್ದೂ ಒಂದೊಂದು ಕೀಲು ಬಾಗುವುದು ಸ್ವಲ್ಪವೇ. ಒಟ್ಟು ಕತ್ತು ಮೆಲ್ಲಗೆ ಬಳುಕಬಹುದು, ಸುರುಳಿ ಸುತ್ತಲಾರದು. ಜೊತೆಗೆ ಏಳು ಮೀಟರಿನಷ್ಟು ಉದ್ದದ ಕತ್ತನ್ನು ನೀರಿನಿಂದ ಮೇಲೆತ್ತಲು ಹೋದರೆ ಕಾಲೂರಲು ನೆಲವಿಲ್ಲದ ದೇಹವೇ ಮುಂದಕ್ಕೆ ಕುಸಿಯುತ್ತದೆ. ತಕ್ಕಡಿಯ ಲೆಕ್ಕ ಗೊತ್ತಿರುವ ಯಾವ ಅಂಗಡಿಯವನೂ ಇದನ್ನು ಹೇಳಬಲ್ಲ. ವಿಲಿಸ್ಟನ್ ಕೂಡ 1914ರ ಹೊತ್ತಿಗೇ ಹಂಸದ ಕತ್ತಿನ ಚಿತ್ರಗಳನ್ನು ಒಪ್ಪಲಿಲ್ಲ. ಪಾಪ, ಆ ಮಾತಿಗೂ ಚಿತ್ರಕಾರರು ಕಿವಿಗೊಡಲಿಲ್ಲ.

ಹಾಗಾದರೆ ಅಷ್ಟುದ್ದದ ಕತ್ತು ಯಾತಕ್ಕೆ? ಮತ್ತೆ ಹೊಟ್ಟೆಗೇ ಬರಬೇಕು. 2005ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕ್ವೀನ್ಸ್‌ಲೆಂಡಿನ ಎರಡು ಎಲಾಸ್ಮೊಸಾರ್‌ಗಳ ಹೊಟ್ಟೆಯಲ್ಲಿದ್ದುದನ್ನು ವರದಿ ಮಾಡಿದರು. ಹಾರುವ ಹಲ್ಲಿ ಇರಲಿಲ್ಲ, ಇಕ್ತಿಯೊಸಾರ್‌ನ ಮೂಳೆ ಇರಲಿಲ್ಲ. ಇದ್ದದ್ದು ಕಡಲ ತಳದ ಚಿಪ್ಪುಜೀವಿಗಳ ಚೂರು, ಶಂಖದ ಹುಳುಗಳು, ಏಡಿಯಂಥವು, ಜೊತೆಗೆ ನುಂಗಿದ ಬೆಣಚುಕಲ್ಲುಗಳು. ಮೀನು ತಿಂದ ಸಾಕ್ಷ್ಯವಿರುವ ಪ್ಲೀಸಿಯೊಸಾರ್‌ಗಳೂ ಸಿಕ್ಕಿವೆ, ಎಲ್ಲವೂ ಒಂದೇ ಊಟ ಮಾಡುತ್ತಿದ್ದವು ಎಂದೇನಿಲ್ಲ. ಆದರೂ ಈ ಎರಡು ಕಣ್ಣಿಗೆ ಕಟ್ಟುವಂತಿವೆ. ಮೇಲೆ ತೇಲುತ್ತಾ, ಉದ್ದನೆಯ ಕತ್ತನ್ನು ಕೆಳಗಿಳಿಸಿ, ತಳದ ಕೆಸರನ್ನು ಕೆದಕುತ್ತಾ ಮೆಲ್ಲಗೆ ಸಾಗುವ ಪ್ರಾಣಿ. ಹಂಸವಲ್ಲ, ಹಾವೂ ಅಲ್ಲ; ಗದ್ದೆಯ ಬದಿಯಲ್ಲಿ ಕಳೆ ಕೀಳುವವರ ಹಾಗೆ ತಲೆ ತಗ್ಗಿಸಿ ಕೆಲಸ ಮಾಡುವ ಜೀವ. ಕ್ಯಾಲೆಂಡರಿಗೆ ಯಾರು ಬರೆಸುತ್ತಾರೆ ಇದನ್ನು?

ಅದೇ ದಿನ ರಂಗನತಿಟ್ಟಿನ ಬಂಡೆಯ ಮೇಲೆ ಮೊಸಳೆಯೊಂದು ಬಿದ್ದುಕೊಂಡಿತ್ತು. ಕ್ಯಾಮೆರಾ ಹಿಡಿದ ನಾವೆಲ್ಲರೂ ಅದು ಏನಾದರೂ ಮಾಡೀತು ಎಂದು ಕಾಯುತ್ತಿದ್ದೆವು. ಹುಟ್ಟು ಹಾಕುತ್ತಿದ್ದವರು ನಕ್ಕು, “ಸಾರ್, ಸಾಯಂಕಾಲದ ತನಕ ಕೂತರೂ ಅದು ಹೀಗೇ ಇರುತ್ತದೆ. ಅದರ ಕೆಲಸವೇ ಅದು” ಎಂದರು. ಆ ಮಾತು ನನ್ನ ಸಂಗ್ರಹದ ಮುನ್ನೂರು ಚಿತ್ರಗಳ ಮೇಲಿನ ವಿಮರ್ಶೆಯಂತೆ ಕೇಳಿಸಿತು. 2012ರ ಹೊತ್ತಿಗೆ ಜಾನ್ ಕಾನ್ವೇ ಮುಂತಾದ ಕಲಾವಿದರು ಇದನ್ನೇ ಹೇಳತೊಡಗಿದರು. ಕಾನ್ವೇ ಬರೆದ ಟಿರ‍್ಯಾನೊಸಾರಸ್ ಸುಮ್ಮನೆ ಮಲಗಿ ನಿದ್ದೆ ಮಾಡುತ್ತದೆ.

ಇಷ್ಟು ಬರೆದ ಮೇಲೆ ಕಚ್ಚಾಟವೆಲ್ಲ ಸುಳ್ಳು ಎಂದು ತೀರ್ಪು ಕೊಡುವುದು ಸುಲಭ. ಆದರೆ ಹಾಗೆ ಹೇಳಹೊರಟವನ ಬಾಯಿ ಮುಚ್ಚಿಸುವ ಕಲ್ಲೊಂದಿದೆ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯ ಮಾಂಟೆ ಸ್ಯಾನ್ ಜಾರ್ಜಿಯೊ ಎಂಬ ಬೆಟ್ಟದಲ್ಲಿ 24 ಕೋಟಿ ವರ್ಷ ಹಿಂದಿನ ಟ್ಯಾನಿಸ್ಟ್ರೋಫಿಯಸ್ ಎಂಬ ಸರೀಸೃಪ ಸಿಗುತ್ತದೆ. ಇದು ಪ್ಲೀಸಿಯೊಸಾರ್ ಅಲ್ಲ, ಕತ್ತಿನ ಹುಚ್ಚು ಮಾತ್ರ ಅದೇ. ಹದಿಮೂರೇ ಮಣಿಗಳು, ಒಂದೊಂದೂ ಕೋಲಿನಷ್ಟು ಉದ್ದ. ಕತ್ತು ಮುಂಡದ ಮೂರು ಪಟ್ಟು. ಅಲ್ಲಿ ಸಿಕ್ಕ ಎರಡು ಮಾದರಿಗಳಲ್ಲಿ ತಲೆ ಮತ್ತು ಕತ್ತು ಮಾತ್ರ ಇದ್ದವು, ದೇಹವಿರಲಿಲ್ಲ. 2023ರಲ್ಲಿ ಸ್ಟೀಫನ್ ಸ್ಪೀಕ್‌ಮನ್ ಮತ್ತು ಎವುದಾಲ್ದ್ ಮುಹಾಲ್ ಅವುಗಳ ತುಂಡಾದ ತುದಿಯನ್ನು ಪರೀಕ್ಷಿಸಿ ಹಲ್ಲಿನ ಗುರುತುಗಳನ್ನು ತೋರಿಸಿದರು. ಯಾವುದೋ ಬೇಟೆಗಾರ ಬದುಕಿದ್ದ ಪ್ರಾಣಿಯ ಕತ್ತನ್ನು ಕಡಿದು ಬೇರ್ಪಡಿಸಿತ್ತು. ಡಿ ಲಾ ಬೀಶ್ 1830ರಲ್ಲಿ ಪ್ಲೀಸಿಯೊಸಾರ್‌ಗೆ ಬರೆದ ಗತಿ ಇನ್ನೊಂದು ಪ್ರಾಣಿಗೆ ನಿಜವಾಗಿಯೂ ಬಂದಿತ್ತು. ಕತ್ತೇ ದುರ್ಬಲ ಜಾಗ ಎಂದು ಅವನಿಗೆ ಹೊಳೆದದ್ದು ಸರಿಯೇ ಆಗಿತ್ತು.

ಆದರೆ ಆಮೇಲೆ ನಡೆದದ್ದನ್ನು ಯಾವ ಚಿತ್ರಕಾರನೂ ಊಹಿಸಿರಲಿಲ್ಲ. ತಲೆ, ಕತ್ತುಗಳನ್ನು ಬೇಟೆಗಾರ ತಿನ್ನಲೇ ಇಲ್ಲ. ಮೂಳೆಯೇ ಹೆಚ್ಚಿರುವ ಆ ಭಾಗವನ್ನು ಬಿಟ್ಟು ಮಾಂಸವಿರುವ ಮುಂಡವನ್ನು ಒಯ್ದಿತು. ಹಾಗೆ ಬಿಟ್ಟುಹೋದದ್ದರಿಂದಲೇ ನಮಗೆ ಆ ಎರಡು ಸುಂದರ ತಲೆಗಳು ಸಿಕ್ಕಿವೆ. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇರುವುದು ಒಂದು ಊಟದ ತಟ್ಟೆಯಲ್ಲಿ ಮಿಕ್ಕದ್ದು.

ಚೀನಾದ ಗುಯಿಝೌ ಪ್ರಾಂತದಿಂದ 2020ರಲ್ಲಿ ವರದಿಯಾದ ಇಕ್ತಿಯೊಸಾರ್ ಕೂಡ ಹೀಗೇ ನಮ್ಮ ಲೆಕ್ಕ ಕೆಡಿಸಿತು. ಐದು ಮೀಟರಿನ ಪ್ರಾಣಿ, ಅದರ ಹೊಟ್ಟೆಯೊಳಗೆ ಸುಮಾರು ನಾಲ್ಕು ಮೀಟರ್ ಉದ್ದದ ಇನ್ನೊಂದು ಸರೀಸೃಪದ ನಡುಭಾಗ. ಇಕ್ತಿಯೊಸಾರ್‌ನ ಹಲ್ಲುಗಳು ಮೊಂಡು. ಬೊಂಡಾಸದಂಥ ಮೆತ್ತನೆಯದನ್ನು ಹಿಡಿಯುವ ಹಲ್ಲು ಎಂದು ಎಲ್ಲರೂ ಒಪ್ಪಿದ್ದರು. ಹಲ್ಲು ನೋಡಿ ಊಟ ಹೇಳುವ ಜ್ಯೋತಿಷ್ಯ ಅಲ್ಲಿಗೆ ಕೆಟ್ಟಿತು.

ಹೊಟ್ಟೆಯಾದರೂ ಯಾವಾಗಲೂ ಸತ್ಯವನ್ನೇ ಹೇಳುತ್ತದೆಯೇ? ಇಕ್ತಿಯೊಸಾರ್‌ಗಳ ಪಕ್ಕೆಲುಬುಗಳೊಳಗೆ ಪುಟ್ಟ ಇಕ್ತಿಯೊಸಾರ್‌ಗಳು ಕಂಡಾಗ ಇವು ಹೊಟ್ಟೆಯ ಮಕ್ಕಳೋ, ಹೊಟ್ಟೆಗೆ ಹಾಕಿಕೊಂಡ ಮಕ್ಕಳೋ ಎಂಬ ವಾದ ಬಹುಕಾಲ ನಡೆಯಿತು. ಹೆರುವ ಗಳಿಗೆಯಲ್ಲೇ ಸತ್ತ ತಾಯಂದಿರ ಪಳೆಯುಳಿಕೆಗಳು ಜರ್ಮನಿಯ ಹೋಲ್ಟ್ಸ್‌ಮಾಡೆನ್‌ನಲ್ಲಿ ಸಿಕ್ಕಿವೆ. ಗರ್ಭಿಣಿಯನ್ನು ಮಕ್ಕಳತಿನಿ ಎಂದು ಕರೆದದ್ದಕ್ಕೆ ಯಾರಾದರೂ ಕ್ಷಮೆ ಕೇಳಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ನನಗೆ ಬಲು ಪ್ರಿಯವಾದ ಎಡವಟ್ಟು ಇನ್ನೊಂದು ಕಡಲ ಸರೀಸೃಪ ಅಟೊಪೊಡೆಂಟೇಟಸ್‌ನದು. 2014ರಲ್ಲಿ ಚೀನಾದ ಯುನ್ನಾನ್‌ನಿಂದ ಬಂದ ಮೊದಲ ಮಾದರಿಯ ತಲೆ ಜಜ್ಜಿಹೋಗಿತ್ತು. ಮೇಲ್ದವಡೆ ನಡುವೆ ಲಂಬವಾಗಿ ಸೀಳಿದಂತೆ, ಸೀಳಿನ ಎರಡೂ ಅಂಚಿಗೆ ಸೂಜಿಹಲ್ಲುಗಳಿದ್ದಂತೆ ಕಂಡಿತು. ಚಿತ್ರಕಾರರಿಗೆ ಹಬ್ಬ. ಮುಖದಲ್ಲಿ ಜಿಪ್ ಹೊಲಿದಂತಹ, ಕೆಳಗೆ ಬಾಗಿದ ಮೂತಿಯ ವಿಚಿತ್ರ ಪ್ರಾಣಿ ಕೆಸರು ಸೋಸಿ ಹುಳು ತಿನ್ನುತ್ತಿರುವ ಚಿತ್ರಗಳು ಹರಿದುಬಂದವು. ಎರಡೇ ವರ್ಷದಲ್ಲಿ ಚೆನ್ನಾಗಿ ಉಳಿದ ತಲೆಗಳು ದೊರೆತವು. ಸೀಳು ಇರಲೇ ಇಲ್ಲ. ಮೂತಿ ಎರಡೂ ಬದಿಗೆ ಸುತ್ತಿಗೆಯ ತಲೆಯಂತೆ ಅಗಲವಾಗಿತ್ತು, ಮುಂದಿನ ಅಂಚಿನಲ್ಲಿ ಉಳಿಯಂಥ ಹಲ್ಲು, ಹಿಂದೆ ಸೂಜಿಗಳ ಬೇಲಿ. ಇದು ಹೇಗೆ ತಿಂದಿತು ಎಂದು ತಿಳಿಯಲು ಆ ದೊಡ್ಡ ವಿಜ್ಞಾನಿಗಳು ಮಕ್ಕಳಾಡುವ ಬಣ್ಣದ ಜೇಡಿಮಣ್ಣು ಕೊಂಡುತಂದು ದವಡೆ ಮಾಡಿ, ಹಲ್ಲಿನ ಬದಲು ಟೂತ್‌ಪಿಕ್ ಸಿಕ್ಕಿಸಿ ನೋಡಿದರು. ಕಂಡದ್ದು ಇಷ್ಟು: ಬಂಡೆಯ ಪಾಚಿಯನ್ನು ಹೆರೆದು, ಬಾಯಿ ತುಂಬ ನೀರು ಎಳೆದುಕೊಂಡು, ನೀರನ್ನು ಹೊರಗೆ ದೂಡಿ ಸೊಪ್ಪನ್ನು ಒಳಗೆ ಉಳಿಸಿಕೊಳ್ಳುವ ಬಾಯಿ. ಅಕ್ಕಿ ತೊಳೆದು ನೀರು ಬಸಿಯುವವರು ಬೆರಳು ಅಡ್ಡ ಹಿಡಿಯುವುದಿಲ್ಲವೇ, ಅದೇ ಉಪಾಯ. ಗೊತ್ತಿರುವ ಅತಿ ಹಳೆಯ ಸಸ್ಯಾಹಾರಿ ಕಡಲ ಸರೀಸೃಪ ಅದು. ಭೀಕರ ಎಂದುಕೊಂಡದ್ದು ಎಮ್ಮೆಯ ಸ್ವಭಾವದ್ದು.

ಅಮೋನೈಟ್ ಚಿಪ್ಪಿನ ತೂತುಗಳ ಜಗಳ ಮಾತ್ರ ನನಗೆ ಮನೆಯದೇ ಎನ್ನಿಸುತ್ತದೆ. ಅಮೋನೈಟ್ ಎಂದರೆ ಬೇರೇನಲ್ಲ, ನಮ್ಮ ದೇವರ ಪೆಟ್ಟಿಗೆಯ ಸಾಲಿಗ್ರಾಮದ ಒಳಗಿರುವ ಸುರುಳಿ. ಗಂಡಕಿಯ ಆ ಕಪ್ಪು ಕಲ್ಲುಗಳು ಹಿಮಾಲಯ ಏಳುವ ಮೊದಲಿನ ಕಡಲಿನ ಪಳೆಯುಳಿಕೆಗಳು. ಅದರ ಚಕ್ರವನ್ನು ಕೊರೆದದ್ದು ಯಾರು ಎಂದು ಚಿಕ್ಕಂದಿನಲ್ಲಿ ಕೇಳಿದಾಗ ಅಜ್ಜ, “ವಜ್ರಕೀಟವಪ್ಪಾ, ಅದರ ಹಲ್ಲು ವಜ್ರದ್ದು” ಎಂದಿದ್ದರು. ಅಮೆರಿಕದ ಅಮೋನೈಟ್‌ಗಳ ಮೇಲೆ ದುಂಡನೆಯ ತೂತುಗಳ ಸಾಲು ಕಂಡ ಇಬ್ಬರು ವಿಜ್ಞಾನಿಗಳು 1960ರಲ್ಲಿ, ಇವು ಮೊಸಾಸಾರ್ ಮತ್ತೆ ಮತ್ತೆ ಕಚ್ಚಿದ ಗುರುತು ಎಂದರು. ಅಂದಿನಿಂದ ಅಮೋನೈಟ್ ಕಡಿಯುವ ಮೊಸಾಸಾರ್ ಚಿತ್ರಕಾರರ ನೆಚ್ಚಿನ ದೃಶ್ಯ. 1998ರಲ್ಲಿ ಜಪಾನಿನ ತೊಮೊಕಿ ಕಾಸೆ ಮತ್ತು ಸಂಗಡಿಗರು ಯಂತ್ರದ ದವಡೆ ಮಾಡಿ ಅಮೋನೈಟಿನಂಥದೇ ಸುರುಳಿ ಚಿಪ್ಪಿನ, ಇಂದಿಗೂ ಬದುಕಿರುವ ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪುಗಳನ್ನು ಕಚ್ಚಿಸಿ ನೋಡಿದರು. ಚಿಪ್ಪು ಒಡೆದು ಚೂರಾಯಿತೇ ಹೊರತು ದುಂಡನೆಯ ತೂತು ಬೀಳಲಿಲ್ಲ. ಆ ತೂತುಗಳು ಚಿಪ್ಪಿಗೆ ಅಂಟಿ ಕೂರುತ್ತಿದ್ದ ಲಿಂಪೆಟ್ ಎಂಬ ಸಣ್ಣ ಶಂಖದ ಹುಳುಗಳ ಗೂಡು ಎಂದು ಅವರ ವಾದ. ಎಲ್ಲ ತೂತೂ ಹುಳುವಿನದಲ್ಲ, ಕೆಲವು ಹಲ್ಲಿನದೇ ಎನ್ನುವವರು ಇಂದಿಗೂ ಇದ್ದಾರೆ. ನಾನು ಯಾರ ಪಕ್ಷವನ್ನೂ ಹಿಡಿಯಲಾರೆ. ಆದರೆ ಕೊರೆದದ್ದು ದೈತ್ಯನೋ ಕೀಟವೋ ಎಂಬ ಪ್ರಶ್ನೆಯಲ್ಲಿ ಕೀಟದ ಕಡೆ ನಿಂತಿದ್ದ ಅಜ್ಜನ ನೆನಪಾಗಿ ನಗು ಬಂತು.

ತೆರೆಯ ಮೇಲಿನ ಪ್ರಾಣಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1999ರಲ್ಲಿ ಬಿಬಿಸಿ ತೋರಿಸಿದ ಸರಣಿಯಲ್ಲಿ ಲಿಯೊಪ್ಲೂರೊಡಾನ್ ಎಂಬ ಕಡಲ ಸರೀಸೃಪ 25 ಮೀಟರ್ ಉದ್ದವಿತ್ತು, ದಡಕ್ಕೆ ನುಗ್ಗಿ ಡೈನೊಸಾರ್ ಒಂದನ್ನು ಎಳೆದೊಯ್ಯಿತು. ನಿಜದ ಪ್ರಾಣಿ ಅದರ ಮೂರನೇ ಒಂದು ಭಾಗವೂ ಇರಲಿಲ್ಲ. ಈಗ ಮಕ್ಕಳಿಗೆ ಗೊತ್ತಿರುವುದು 2015ರ ಹಾಲಿವುಡ್ ಚಿತ್ರದ, ಕೊಳದಿಂದ ಚಿಮ್ಮಿ ಶಾರ್ಕ್ ನುಂಗುವ ಮೊಸಾಸಾರ್. ಅದನ್ನು ಸಿನಿಮಾ ಮಂದಿರದಲ್ಲಿ ನೋಡಿ ನಾನೂ ಕುರ್ಚಿಯ ತುದಿಗೆ ಬಂದಿದ್ದೆ, ಸುಳ್ಳು ಯಾಕೆ.

ನಮ್ಮ ಕರ್ನಾಟಕದ ಕಲ್ಲಿನಲ್ಲಿ ಇವುಗಳನ್ನು ಹುಡುಕಿ ಫಲವಿಲ್ಲ. ಬಹುಪಾಲು ಶಿಲೆ ಇವುಗಳಿಗಿಂತ ಎಷ್ಟೋ ಪಟ್ಟು ಹಳೆಯದು. ಉತ್ತರದ ಕರಿಕಲ್ಲು ಉಕ್ಕಿ ಹರಿದ ಲಾವಾ. ಆದರೆ ಗುಜರಾತಿನ ಕಚ್ಛ್ ಅಂದು ಕಡಲಾಗಿತ್ತು. ಅಲ್ಲಿನ ಲೋಡಾಯಿ ಎಂಬ ಹಳ್ಳಿಯ ಬಳಿ ಸಿಕ್ಕ, ಐದೂವರೆ ಮೀಟರಿನಷ್ಟು ಉದ್ದದ ಇಕ್ತಿಯೊಸಾರ್ ಬಗ್ಗೆ ದೆಹಲಿ ವಿಶ್ವವಿದ್ಯಾಲಯದ ಗುಂಟುಪಲ್ಲಿ ಪ್ರಸಾದ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದರು. ಸುಮಾರು 15 ಕೋಟಿ ವರ್ಷದ ಪ್ರಾಣಿ. ಆ ಸುದ್ದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ: ಅದರ ಹಲ್ಲುಗಳು ಸವೆದಿದ್ದವು. ಗಟ್ಟಿ ಚಿಪ್ಪಿನ ಜೀವಿಗಳನ್ನು, ಮೀನುಗಳನ್ನು ಕಡಿದು ಕಡಿದು ಸವೆದಿರಬೇಕು ಎಂದು ಅವರ ಊಹೆ. ನಾನು ಓದಿದ ಪತ್ರಿಕಾ ವರದಿಯ ಪಕ್ಕದಲ್ಲಿದ್ದ ಚಿತ್ರದಲ್ಲಿ ಮಾತ್ರ ಹಲ್ಲುಗಳು ಆಗತಾನೇ ಹರಿತ ಮಾಡಿದ ಗರಗಸದಂತೆ ಮಿಂಚುತ್ತಿದ್ದವು. ಅಡಿಕೆ ಅಗಿದು ಸವೆದ ನಮ್ಮ ಸೋದರತ್ತೆಯ ಹಲ್ಲು ನೋಡಿದವರು ಆ ಚಿತ್ರ ಬರೆಯುತ್ತಿರಲಿಲ್ಲ.

ಕಳೆದ ತಿಂಗಳು ನಾನೇ ಒಂದು ಬರೆದೆ. ಕ್ವೀನ್ಸ್‌ಲೆಂಡಿನ ಎಲಾಸ್ಮೊಸಾರ್, ಕತ್ತು ಕೆಳಗೆ ಇಳಿಬಿಟ್ಟು ತಳ ಕೆದಕುತ್ತಿರುವುದು. ಬಾಯಿ ಮುಚ್ಚಿದೆ. ಕೆದಕಿದರೆ ಕೆಸರು ಏಳಲೇಬೇಕಲ್ಲ, ಹಾಗಾಗಿ ತಲೆಯ ಸುತ್ತ ಕಂದು ಬಣ್ಣ ಬಳಿದೆ. ಇನ್ನಷ್ಟು ನಿಜ ಮಾಡಲು ಇನ್ನಷ್ಟು ಬಳಿದೆ. ಹಿಂದುಗಡೆ ಡಿ ಲಾ ಬೀಶ್‌ಗೆ ಮರ್ಯಾದೆ ಸಲ್ಲಿಸಲೆಂದು ಮೂರು ಚುಕ್ಕೆ ಹಿಕ್ಕೆ. ಮೂರು ಸಂಜೆಗಳ ಕೆಲಸ.

ರಜೆಗೆ ಬಂದಿದ್ದ ತಂಗಿಯ ಮಗಳು ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

“ಮಾಮ, ಪ್ರಾಣಿ ಎಲ್ಲಿ?”

“ಕೆಸರಿನ ಒಳಗಿದೆ ಪುಟ್ಟಿ. ಊಟ ಮಾಡುತ್ತಿದೆ.”

ಅವಳು ಸ್ವಲ್ಪ ಹೊತ್ತು ಕಾದಳು, ಅದು ಹೊರಗೆ ಬಂದೀತೇನೋ ಎಂಬಂತೆ. ಆಮೇಲೆ ನನ್ನ ಪೆನ್ಸಿಲ್ ಎತ್ತಿಕೊಂಡು, ಖಾಲಿ ಬಿಟ್ಟಿದ್ದ ಬಲ ಮೂಲೆಯಲ್ಲಿ ಬಾಯಿ ತೆರೆದ ಇನ್ನೊಂದನ್ನು ಬರೆದಳು. ಎಣಿಸಿ ಎಣಿಸಿ ಇಪ್ಪತ್ತು ಹಲ್ಲು ಹಾಕಿದಳು.